ಸ್ವಂತ ನಮೂನೆ

ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ‘ನಮೂನೆ’ ಎಂಬ ಮಾತು ಹೊಸದಲ್ಲ. ರಜೆಗೆ ಒಂದು ನಮೂನೆ, ಮುಂಗಡಕ್ಕೆ ಒಂದು ನಮೂನೆ, ಸತ್ತವರ ಪಿಂಚಣಿ ಉಳಿದವರಿಗೆ ಬರಲು ಮತ್ತೊಂದು ನಮೂನೆ. ನಾವು ತುಂಬಬೇಕಾದದ್ದು ಅದರಲ್ಲಿ ಖಾಲಿ ಬಿಟ್ಟ ಜಾಗವನ್ನು ಮಾತ್ರ. ಹೆಣಿಗೆಯಲ್ಲೂ ಇದೇ ಮಾತು ಬಳಕೆಯಲ್ಲಿದೆ. ಅಚ್ಚಾದ ನಮೂನೆಯನ್ನು ಎದುರಿಗಿಟ್ಟುಕೊಂಡು, ಅದು ಹೇಳಿದಷ್ಟು ಕುಣಿಕೆ ಹಾಕಿ, ಹೇಳಿದಷ್ಟು ಸಾಲು ಹೆಣೆದು, ಹೇಳಿದ ಕಡೆ ಕಡಿಮೆ ಮಾಡುತ್ತ ಹೋದರೆ ಒಂದು ಸ್ವೆಟರು ಆಗುತ್ತದೆ. ಆಗದಿದ್ದರೆ ಪುಸ್ತಕವನ್ನು ಬೈಯಬಹುದು. ನಾನು ಹೇಳಹೊರಟಿರುವುದು, ಯಾವ ಪುಸ್ತಕವನ್ನೂ ನೋಡದೆ ನನ್ನದೇ ನಮೂನೆಯಲ್ಲಿ ಒಂದು ಸ್ವೆಟರು ಹೆಣೆಯಲು ಹೋಗಿ, ‘ನನ್ನದೇ’ ಎಂಬ ಆ ಒಂದು ಮಾತಿನಲ್ಲಿ ಸಿಕ್ಕಿಕೊಂಡ ಸಂಗತಿ.

ನಮ್ಮ ಕಡೆ ಉಣ್ಣೆಯೆಂದರೆ ಕಂಬಳಿ. ಮಲೆನಾಡಿನ ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುವವರನ್ನು ನೋಡಿ ಬೆಳೆದವಳು ನಾನು. ಕಂಬಳಿಗೆ ಅಳತೆಯ ತಕರಾರಿಲ್ಲ. ಅಜ್ಜ ಹೊದ್ದರೆ ಅಜ್ಜನದು, ಮೊಮ್ಮಗ ಹೊದ್ದರೆ ಮೊಮ್ಮಗನದು, ನೆಲಕ್ಕೆ ಹಾಸಿದರೆ ಬಂದ ನೆಂಟರದು. ದೆಹಲಿಗೆ ಬಂದ ಮೇಲೆಯೇ ನಾನು ಸ್ವೆಟರೆಂಬ, ಒಬ್ಬರಿಗೆಂದು ಮಾಡಿದರೆ ಇನ್ನೊಬ್ಬರಿಗೆ ಸರಿಹೋಗದ, ಬಟ್ಟೆಯ ಸಹವಾಸಕ್ಕೆ ಬಿದ್ದದ್ದು. ಕಲಿಸಿದವರು ನಮ್ಮ ಸೆಕ್ಷನ್ನಿನಲ್ಲಿದ್ದ ಹಿರಿಯ ಪಂಜಾಬಿ ಹೆಂಗಸೊಬ್ಬರು. ನಾವೆಲ್ಲ ಬೆಹೆನ್‌ಜಿ ಎನ್ನುತ್ತಿದ್ದೆವು. ಚಳಿಗಾಲದ ಮಧ್ಯಾಹ್ನ ಊಟದ ಅರ್ಧ ಗಂಟೆ ಕಚೇರಿಯ ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ‘ಏಕ್ ಸೀದಾ, ಏಕ್ ಉಲ್ಟಾ’ ಎಂದು ಹೇಳಿಕೊಟ್ಟರು. (ಅರ್ಧ ಗಂಟೆ ಮಾತ್ರವೇ ಎಂದು ಯಾರೂ ಕೇಳಬಾರದು.) ಈಗ ಆ ಹುಲ್ಲುಹಾಸಿನಲ್ಲಿ ಕಡ್ಡಿ ಹಿಡಿದವರಿಗಿಂತ ಫೋನು ಹಿಡಿದವರೇ ಹೆಚ್ಚು.

ಹೆಣಿಗೆಗೂ ನೇಯ್ಗೆಗೂ ಒಂದು ಮುಖ್ಯ ಭೇದವಿದೆ. ನೇಯ್ದ ಬಟ್ಟೆ ಮೊದಲು ಬಟ್ಟೆಯಾಗಿಯೇ ಹುಟ್ಟುತ್ತದೆ. ಆಮೇಲೆ ದರ್ಜಿ ಅದನ್ನು ಕತ್ತರಿಸಿ ಅಂಗಿಯನ್ನೋ ಚಡ್ಡಿಯನ್ನೋ ಮಾಡುತ್ತಾನೆ. ನೇಯುವವನಿಗೆ ಅದನ್ನು ತೊಡುವವರು ಯಾರೆಂದು ಗೊತ್ತಿರಬೇಕಾಗಿಲ್ಲ. ಹೆಣಿಗೆಯಲ್ಲಿ ಬಟ್ಟೆಯೂ ಅದರ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ಮೊದಲ ಸಾಲಿಗೆ ಎಷ್ಟು ಕುಣಿಕೆ ಎಂದು ಎಣಿಸುವ ಹೊತ್ತಿಗೇ ತೊಡುವವರ ಎದೆ ಎಷ್ಟು, ತೋಳು ಎಷ್ಟು ಎಂಬುದು ತಿಳಿದಿರಬೇಕು. ಹೀಗಾಗಿ ಸ್ವೆಟರಿನ ಯೋಜನೆಯೆಂದರೆ ಒಬ್ಬ ವ್ಯಕ್ತಿಯ ಬಗ್ಗೆ ನಾವು ಮಾಡಿಕೊಂಡ ಒಂದು ಅಭಿಪ್ರಾಯವೇ ಸರಿ. ಇದು ನನಗೆ ಹೊಳೆದದ್ದು ತಡವಾಗಿ.

2019ರ ನವೆಂಬರಿನಲ್ಲಿ ಮಾವನವರು ಸಾಗರದ ಕಡೆಯಿಂದ ನಮ್ಮಲ್ಲಿಗೆ ಬಂದರು. ಅತ್ತೆಯವರು ತೀರಿಕೊಂಡು ವರ್ಷವಾಗಿತ್ತು. ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು, ಮಾತು ಕಡಿಮೆ. ದೆಹಲಿಯ ಚಳಿಯನ್ನು ಅವರು ಹಿಂದೆ ಕಂಡವರಲ್ಲ. ಬಂದ ವಾರದಲ್ಲೇ ಒಂದರ ಮೇಲೊಂದು ಎರಡು ಅಂಗಿ ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುವುದನ್ನು ನೋಡಿ, ಅವರಿಗೊಂದು ಸ್ವೆಟರು ಹೆಣೆಯಬೇಕೆಂದು ತೀರ್ಮಾನಿಸಿದೆ. ಅಂಗಡಿಯದು ಬೇಡ, ಪುಸ್ತಕದ್ದೂ ಬೇಡ, ನನ್ನದೇ ನಮೂನೆ. ಹೇಳಬಾರದು, ಮುಗಿಸಿ ಕೈಗಿಡಬೇಕು.

ಅಳತೆಯ ವಿಷಯಕ್ಕೆ ಬಂದಾಗ ಮೊದಲ ತೊಡಕು. ನಮ್ಮ ಮನೆತನಗಳಲ್ಲಿ ಸೊಸೆಯಾದವಳು ಟೇಪು ಹಿಡಿದುಕೊಂಡು ಮಾವನ ಎದುರಿಗೆ ನಿಂತು ‘ಕೈ ಎತ್ತಿ’ ಎನ್ನುವುದುಂಟೆ? ಹೇಳಿಬಿಟ್ಟರೆ ಗುಟ್ಟೂ ಒಡೆಯುತ್ತದೆ. ಆದ್ದರಿಂದ ಒಗೆಯಲು ಬಂದ ಅವರ ಒಂದು ಅಂಗಿಯನ್ನು ಮಂಚದ ಮೇಲೆ ಹರಡಿ ಅಳೆದೆ. ಸುತ್ತಳತೆ 42 ಇಂಚು. ಅಂಗಿಗೆ ಸಡಿಲು ಹೆಚ್ಚು, ಸ್ವೆಟರಿಗೆ 40 ಸಾಕೆಂದುಕೊಂಡೆ. ಬೆನ್ನಿಗೆ 20, ಎದೆಗೆ 20. ಆ ಅಂಗಿಯನ್ನು ಯಾವ ವರ್ಷ ಹೊಲಿಸಿದ್ದೆಂದು ನಾನು ವಿಚಾರಿಸಲಿಲ್ಲ.

ಇನ್ನು ನನ್ನ ಕೈಯ ಅಳತೆ. ಹೆಣೆಯುವವರೆಲ್ಲ ಬಲ್ಲ, ಬಹಳ ಜನ ತಪ್ಪಿಸಿಕೊಳ್ಳುವ ಒಂದು ಕೆಲಸವಿದೆ. ಅದು ಮಾದರಿ ತುಂಡು ಹೆಣೆದು ನೋಡುವುದು. ಅದೇ ದಾರ, ಅದೇ ಕಡ್ಡಿ, ನಾಲ್ಕೈದು ಇಂಚಿನ ಒಂದು ಚೌಕ. ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಬರುತ್ತದೆಂದು ಅದರಿಂದ ತಿಳಿಯಬೇಕು. ಡಬಲ್ ನಿಟ್ ದಾರದಲ್ಲಿ 8ನೇ ನಂಬರಿನ ಕಡ್ಡಿಯಿಂದ ನನಗೆ ಬಂದದ್ದು ನಾಲ್ಕು ಇಂಚಿಗೆ 22 ಕುಣಿಕೆ, 30 ಸಾಲು. ಅಂದರೆ ಇಂಚಿಗೆ ಐದೂವರೆ ಕುಣಿಕೆ. 20 ಇಂಚಿಗೆ 110. ಇದರಲ್ಲಿ ಅರ್ಧ ಕುಣಿಕೆಯಷ್ಟು ತಪ್ಪಿದರೆ ಏನಾಗುತ್ತದೆಂದು ನೋಡಿ. ನಿಜವಾಗಿ ಇಂಚಿಗೆ ಐದೇ ಬರುತ್ತಿದ್ದರೆ ಅದೇ 110 ಕುಣಿಕೆ 22 ಇಂಚಾಗುತ್ತದೆ. ಹಿಂದೆ ಮುಂದೆ ಸೇರಿ 40ರ ಸ್ವೆಟರು 44 ಆಗಿ ಕೂರುತ್ತದೆ. ಇಂಚಿನಲ್ಲಿ ಅರ್ಧ ಕುಣಿಕೆಯ ಸುಳ್ಳು ಮೈಮೇಲೆ ನಾಲ್ಕು ಇಂಚಿನ ಸುಳ್ಳಾಗುತ್ತದೆ.

ಸುಳ್ಳು ಎಂದೆ, ಬೇಕೆಂದೇ ಆ ಮಾತು ಬಳಸಿದೆ. ಮಾದರಿ ತುಂಡನ್ನು ಅಳೆಯುವಾಗ ಮನಸ್ಸಿಗೆ ಬೇಕಾದ ಸಂಖ್ಯೆ ಬರಲೆಂದು ಟೇಪನ್ನು ಒಂದು ಕೂದಲಿನಷ್ಟು ಎಳೆಯುವುದು, ತುಂಡನ್ನು ಸ್ವಲ್ಪ ಒತ್ತಿ ಹಿಡಿಯುವುದು ನನಗೆ ಗೊತ್ತಿರುವ ವಿದ್ಯೆ. ಪರೀಕ್ಷೆಯೆಂದು ತಿಳಿದಿರುವ ಕೈ ಅಚ್ಚುಕಟ್ಟಾಗಿ ಬಿಗಿಯಾಗಿ ಹೆಣೆಯುತ್ತದೆ. ಮರೆತ ಮೇಲೆ ಸಡಿಲುತ್ತದೆ. ಕಚೇರಿಯಲ್ಲಿ ಮಾತಾಡುತ್ತ ಹೆಣೆದದ್ದಕ್ಕೂ, ರಾತ್ರಿ ಮಗಳ ಶಾಲೆಯ ಫೀಜಿನ ಲೆಕ್ಕ ಹಾಕುತ್ತ ಹೆಣೆದದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೆಹೆನ್‌ಜಿಯ ಉಪದೇಶ ಸರಳವಾಗಿತ್ತು: ತುಂಡನ್ನು ತೊಳೆ, ಒಣಗಿಸು, ಎರಡು ದಿನ ಮರೆತುಬಿಡು, ಆಮೇಲೆ ಅಳೆ. ಇದಕ್ಕಿಂತ ಒಳ್ಳೆಯ ಆತ್ಮಪರೀಕ್ಷೆಯ ವಿಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅಷ್ಟನ್ನು ನಾನು ಮಾಡಿದೆ. ನನ್ನ ಕೈಯ ಮಟ್ಟಿಗೆ ಪ್ರಾಮಾಣಿಕಳಾಗಿದ್ದೆ.

ತೋಳಿನ ಲೆಕ್ಕ ಬಲು ಸೊಗಸಾಗಿ ಬಂತು. ಎಲಿಜಬೆತ್ ಜಿಮರ್‌ಮನ್ ಎಂಬಾಕೆ, 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿ 1999ರಲ್ಲಿ ತೀರಿಕೊಂಡವರು, ಸ್ವೆಟರಿನ ಎಲ್ಲ ಅಂಗಗಳನ್ನೂ ಎದೆಯ ಸುತ್ತಳತೆಯ ಶೇಕಡವಾರಿನಲ್ಲಿ ಹೇಳುವ ಕ್ರಮವೊಂದನ್ನು ಬಳಕೆಗೆ ತಂದರು. ಮೈಗೆ 220 ಕುಣಿಕೆಯಾದರೆ ಮಣಿಕಟ್ಟಿಗೆ ಅದರ ಐದನೇ ಒಂದು ಪಾಲು, 44. ತೋಳಿನ ಮೇಲ್ಭಾಗಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು, 73. ಮಾವನವರು ಒಳಗೆ ದಪ್ಪ ಅಂಗಿ ಹಾಕುವವರೆಂದು ನಾನು 48, 80 ಮಾಡಿಕೊಂಡೆ. 48ರಿಂದ 80ಕ್ಕೆ ಏರಲು ಎರಡು ಪಕ್ಕಕ್ಕೂ ಒಂದೊಂದರಂತೆ 16 ಸಲ ಹೆಚ್ಚಿಸಬೇಕು. ಸಾಲುಗಳಿರುವುದು 112. ಏಳು ಸಾಲಿಗೊಮ್ಮೆ ಎಂದಾಯಿತು. ಆದರೆ ಏಳನೆಯ ಸಾಲು ಒಮ್ಮೆ ಸೀದಾ ಕಡೆ, ಒಮ್ಮೆ ಉಲ್ಟಾ ಕಡೆ ಬೀಳುತ್ತದೆ. ಅದಕ್ಕೆ ಒಮ್ಮೆ ಆರು, ಒಮ್ಮೆ ಎಂಟು: ಆರೆಂಟಲ 48, ಎಂಟೆಂಟಲ 64, ಕೂಡಿದರೆ 112. ಈ ಲೆಕ್ಕ ಕೂಡಿದ ರಾತ್ರಿ ನನಗಾದ ಸಂತೋಷ ಬಡ್ತಿಯ ಆದೇಶ ಬಂದ ದಿನ ಆಗಿರಲಿಲ್ಲ.

ನಮೂನೆ ನನ್ನದಾಗಬೇಕಾದರೆ ಚಿತ್ರವೂ ಬೇಕಲ್ಲ? ಮಾವನವರ ಊರಿನ ಕಡೆ ದೀವರ ಹೆಂಗಸರು ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿಯ ನಾರಿನ ಕುಂಚ, ಅಕ್ಕಿ ಅರೆದ ಬಿಳಿ, ಗೆರೆಯ ಮೇಲೆ ಗೆರೆ ಹೆಣೆದಂತೆ ಕಾಣುವ ಚೌಕಗಳು. ಗೆರೆ ಮತ್ತು ಚೌಕವೆಂದರೆ ಹೆಣಿಗೆಗೆ ಹೇಳಿ ಮಾಡಿಸಿದ ಹಾಗೆ. ಲಾಜಪತ ನಗರದಿಂದ ಕೆಮ್ಮಣ್ಣಿನ ಬಣ್ಣದ ದಾರ 50 ಗ್ರಾಮಿನ ಹನ್ನೆರಡು ಉಂಡೆ ತಂದೆ, ಎಲ್ಲವೂ ಒಂದೇ ಬಣ್ಣದ ಗಾಣಿಗೆಯದೆಂದು ಚೀಟಿಯ ಮೇಲಿನ ನಂಬರು ನೋಡಿ. ಗೆರೆಗಳಿಗೆಂದು ಬಿಳಿಯದು ಎರಡು. ಗ್ರಾಫ್ ಹಾಳೆಯ ಮೇಲೆ 44 ಮನೆ ಅಗಲ, 44 ಮನೆ ಎತ್ತರದ ಚೌಕ ಬರೆದೆ. ಹೆಣೆದು ನೋಡಿದರೆ ಚಿತ್ತಾರ ಕುಳ್ಳಾಗಿ, ಯಾರೋ ಮೇಲೆ ಕೂತು ಚಪ್ಪಟೆ ಮಾಡಿದಂತಿತ್ತು! ಬಿ.ಎಸ್ಸಿ. ಮಾಡಿದವಳು ನಾಚಿಕೊಳ್ಳಬೇಕಾದ ತಪ್ಪು. ಗ್ರಾಫಿನ ಮನೆ ಚೌಕ. ಹೆಣಿಗೆಯ ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. 44 ಕುಣಿಕೆ 8 ಇಂಚಾದರೆ 44 ಸಾಲು 6 ಇಂಚಿಗೂ ಕಡಿಮೆ. ಬಿಚ್ಚಿ, ಎತ್ತರವನ್ನು 60 ಸಾಲಿಗೆ ಹಿಗ್ಗಿಸಿ ಮತ್ತೆ ಬರೆದೆ.

ಇಷ್ಟಾದ ಮೇಲೆ ಒಂದು ದಿನ ಬೆಹೆನ್‌ಜಿಗೆ ತೋರಿಸಿ, ‘ಪೂರಾ ನನ್ನ ಸ್ವಂತದ್ದು’ ಎಂದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, ‘ಬಹಳ ಚೆನ್ನಾಗಿದೆ, ಯಾರ ಮನೆಯ ಗೋಡೆ?’ ಎಂದರು. ಚಿತ್ತಾರದ ಕತೆಯನ್ನು ನಾನೇ ಅವರಿಗೆ ಹೇಳಿದ್ದೆನಲ್ಲ!

ಮಾತು ಮನಸ್ಸಿನಲ್ಲಿ ಉಳಿಯಿತು. ಚಿತ್ತಾರ ಯಾರೋ ಹೆಂಗಸರದು, ಅವರ ಅಜ್ಜಿಯರದು. ತೋಳಿನ ಲೆಕ್ಕ ಜಿಮರ್‌ಮನ್ನರದು. ಸೀದಾ ಉಲ್ಟಾ ಬೆಹೆನ್‌ಜಿಯದು, ಅವರಿಗೆ ಅವರ ತಾಯಿಯದು. ಹೆಣಿಗೆ ನೇಯ್ಗೆಯಷ್ಟು ಪ್ರಾಚೀನವಲ್ಲ. ಉಳಿದುಬಂದಿರುವ ಹಳೆಯ ತುಣುಕುಗಳು ಈಜಿಪ್ಟಿನವು, ಅವೂ ಈಚಿನ ಸಾವಿರ ವರ್ಷದೊಳಗಿನವು. ಆದರೂ ಅಷ್ಟು ಕಾಲ ಅಷ್ಟು ಕೈಗಳು ಮಾಡಿದ ಮೇಲೆ ಹೊಸದಾಗಿ ಕಂಡುಹಿಡಿಯಲು ಏನುಳಿದಿದೆ? ಸ್ವತಃ ಜಿಮರ್‌ಮನ್ ತಾವು ಏನನ್ನೂ ‘ಇನ್ವೆಂಟ್’ ಮಾಡಿದ್ದೇನೆಂದು ಹೇಳಿಕೊಳ್ಳಲಿಲ್ಲ. ‘ಅನ್‌ವೆಂಟ್’ ಎಂಬ ಒಂದು ಮಾತನ್ನೇ ಹುಟ್ಟಿಸಿಕೊಂಡರು. ಎಲ್ಲೋ ಯಾರೋ ಮಾಡಿ ಮರೆತದ್ದನ್ನು ಮತ್ತೆ ಅಗೆದು ತೆಗೆಯುವುದೆಂದು ಅದರ ಭಾವ. ನಮ್ಮ ಕಚೇರಿಯಲ್ಲಿ ಇದಕ್ಕೆ ‘ಪೂರ್ವನಿದರ್ಶನ’ ಎನ್ನುತ್ತಾರೆ. ಅದಿಲ್ಲದೆ ಯಾವ ಕಡತವೂ ಮೇಲಕ್ಕೆ ಹೋಗುವುದಿಲ್ಲ. ಕಚೇರಿಯ ಪೂರ್ವನಿದರ್ಶನದಿಂದ ತಪ್ಪಿಸಿಕೊಳ್ಳಲೆಂದೇ ಕಡ್ಡಿ ಹಿಡಿದವಳಿಗೆ ಅಲ್ಲೂ ಅದೇ ಎದುರಾಯಿತು.

ಹಾಗಾದರೆ ಒಂದು ಹೆಣಿಗೆಯಲ್ಲಿ ಹೆಣೆದವಳದು ಎನ್ನುವಂಥದ್ದು ಏನಿರುತ್ತದೆ? ಐರಿಷ್ ನಾಟಕಕಾರ ಜೆ. ಎಂ. ಸಿಂಜ್‌ನ ‘ರೈಡರ್ಸ್ ಟು ದಿ ಸೀ’ 1904ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತವನೊಬ್ಬನ ಬಟ್ಟೆಯ ಗಂಟು ದ್ವೀಪದ ಒಂದು ಮನೆಗೆ ಬರುತ್ತದೆ. ಇದು ನಮ್ಮ ಅಣ್ಣನದೇ ಎಂದು ತಂಗಿಯರಿಗೆ ತಿಳಿಯಬೇಕು. ಅಂಗಿಯ ಬಟ್ಟೆಯಿಂದ ಏನೂ ಹೇಳಲಾಗುವುದಿಲ್ಲ. ಅಂಥ ಬಟ್ಟೆ ಪೇಟೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಕೊನೆಗೆ ಕಾಲುಚೀಲ ನೋಡಿ ಒಬ್ಬಳು ಕುಣಿಕೆ ಎಣಿಸುತ್ತಾಳೆ. ಅವಳೇ ಹೆಣೆದದ್ದು, ಹಾಕಿದ್ದರಲ್ಲಿ ನಾಲ್ಕು ಕುಣಿಕೆ ಬಿಟ್ಟುಹೋಗಿದ್ದವು. ಅದರಿಂದ ಗುರುತು ಸಿಗುತ್ತದೆ. ಆ ಅರಾನ್ ದ್ವೀಪಗಳಲ್ಲಿ ಮನೆತನಕ್ಕೊಂದು ಸ್ವೆಟರಿನ ಚಿತ್ತಾರವಿತ್ತು, ಹೆಣ ಗುರುತಿಸಲು ಅದು ನೆರವಾಗುತ್ತಿತ್ತು ಎಂಬ ಕತೆ ಆಮೇಲೆ ಹಬ್ಬಿದ್ದು. ಅದಕ್ಕೆ ಆಧಾರವಿಲ್ಲ, ಈ ನಾಟಕದಿಂದಲೇ ಬೆಳೆದಿರಬೇಕೆಂದು ಬಲ್ಲವರು ಹೇಳುತ್ತಾರೆ. ಚಿತ್ತಾರದ ಕತೆ ಸುಳ್ಳು. ಎಣಿಕೆಯ ಕತೆಯನ್ನು ನಾನು ನಂಬುತ್ತೇನೆ. ಅಂದಮೇಲೆ ನಮ್ಮ ‘ಸ್ವಂತ’ವೆಂಬುದು ನಾವು ಯೋಜಿಸಿದ್ದರಲ್ಲಿ ಇಲ್ಲದೆ, ಯೋಜನೆಯಿಂದ ಜಾರಿದ ಜಾಗದಲ್ಲಿ ಇರುತ್ತದೋ ಏನೋ. ಈ ವಿಚಾರ ಬರೆಯಲು ಚೆಂದ. ಆದರೆ ನನ್ನ ಜಾರಿದ ಜಾಗ ಇನ್ನೂ ನನಗೆ ಕಂಡಿರಲಿಲ್ಲ.

ಡಿಸೆಂಬರ್ ನಡುವಿಗೆ ಸ್ವೆಟರು ಮುಗಿಯಿತು. ಗುಂಡು ಕುತ್ತಿಗೆ, ತಲೆಯ ಮೇಲಿಂದ ಹಾಕಿಕೊಳ್ಳುವಂಥದು, ಎದೆಯ ಮೇಲೆ ಚಿತ್ತಾರ. ಮಾವನವರು ಬಿಳಿ ಗೆರೆಯ ಮೇಲೆ ಬೆರಳಾಡಿಸಿ ‘ಇದು ನಮ್ಮ ಕಡೇದು’ ಎಂದರು. ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ಹಾಕಿಕೊಂಡು ಬಂದರು. ನಮ್ಮ ಮನೆಯವರು ಫೋಟೋ ತೆಗೆದು ಊರಿಗೆಲ್ಲ ಕಳಿಸಿದರು. ಆ ವರ್ಷದ ಚಳಿ ನಿಮಗೆ ನೆನಪಿರಬಹುದು. ಡಿಸೆಂಬರ್ 30ರಂದು ಸಫ್ದರ್‌ಜಂಗ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ, 1901ರಿಂದೀಚೆಗೆ ಡಿಸೆಂಬರಿನಲ್ಲಿ ಅಷ್ಟು ತಣ್ಣನೆಯ ಹಗಲು ಇರಲಿಲ್ಲವಂತೆ. ಮಾವನವರು ದಿನವೂ ಸ್ವೆಟರು ತೊಡುತ್ತಿದ್ದರು. ನಾನು ಪಕ್ಕದ ಕ್ವಾರ್ಟರ್ಸಿನವರಿಗೆ ತೋರಿಸಿ ತೋರಿಸಿ ಬೀಗುತ್ತಿದ್ದೆ.

ಜನವರಿ ಮೊದಲ ವಾರ ಮಗಳು ಹೇಳಿದಳು: ‘ಅಮ್ಮ, ಅಜ್ಜ ಸ್ವೆಟರ್ ಹಾಕ್ಕೊಳ್ಳೋವಾಗ ಹಲ್ಲು ಕಚ್ಕೋತಾರೆ. ನಾನು ತೋಳು ಎಳೀಬೇಕು. ನಿನಗೆ ಹೇಳ್ಬಾರ್ದಂತೆ.’

ಭುಜ ಹಿಡಿದುಕೊಂಡಿತ್ತು. ಕೈ ಹೆಗಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎರಡು ತಿಂಗಳು ಅವರ ಬಟ್ಟೆ ಒಗೆದವಳು ನಾನು. ಅದರಲ್ಲಿ ಒಂದು ಬನಿಯನ್ನೂ ಇರಲಿಲ್ಲವೆಂಬುದು ಆಗ ನೆನಪಾಯಿತು. ತಲೆಯ ಮೇಲಿಂದ ಹಾಕಿಕೊಳ್ಳುವ ಯಾವುದನ್ನೂ ಅವರು ತೊಡುತ್ತಿರಲಿಲ್ಲ. ಅದಕ್ಕೇ ಒಂದರ ಮೇಲೊಂದು ಎರಡು ಅಂಗಿ. ಅದನ್ನು ನೋಡಿಯೇ ಅಲ್ಲವೆ ನಾನು ಸ್ವೆಟರಿನ ತೀರ್ಮಾನ ಮಾಡಿದ್ದು? ಕಣ್ಣೆದುರಿಗೆ ಇದ್ದ ಸಾಕ್ಷಿಯನ್ನು ಚಳಿಯ ಸಾಕ್ಷಿಯೆಂದು ಓದಿಕೊಂಡೆ. ಕೈಯ ಅಳತೆಯಲ್ಲಿ ಅರ್ಧ ಕುಣಿಕೆ ತಪ್ಪದವಳು ಮನುಷ್ಯನನ್ನು ಅಳೆಯುವುದರಲ್ಲಿ ಹೀಗೆ ತಪ್ಪಿದ್ದೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಮೂರೂ ಸರಿಯಿರಬೇಕೆಂದು ಹೇಳಿದೆ. ಪಾತ್ರವೆಂದರೆ ಯೋಗ್ಯನಾದವನು ಎಂದು ವ್ಯಾಖ್ಯಾನ ಕೇಳುತ್ತ ಬಂದಿದ್ದೇವೆ. ತೆಗೆದುಕೊಳ್ಳುವವನ ಯೋಗ್ಯತೆಯನ್ನು ಕೊಡುವವನು ನೋಡಬೇಕು ಎಂಬ ಅರ್ಥದಲ್ಲಿ. ಆದರೆ ಪಾತ್ರೆಯೂ ಅದೇ ಮಾತಿನಿಂದ ಬಂದದ್ದು. ಅದರ ಬಾಯಿ ಎಷ್ಟು ಅಗಲ, ಎಷ್ಟು ಹಿಡಿಸುತ್ತದೆ, ಎಲ್ಲಿ ಬಿರುಕಿದೆ ಎಂದು ನೋಡದೆ ಸುರಿದರೆ ತಪ್ಪು ಪಾತ್ರೆಯದಲ್ಲ. ಪಂಡಿತರು ಒಪ್ಪದಿರಬಹುದು, ನನಗೆ ಆ ವಾರ ಹೀಗೆಯೇ ಅರ್ಥವಾಯಿತು.

ಬೆಹೆನ್‌ಜಿಯ ಹತ್ತಿರ ವಾದ ನಡೆಯಿತು. ಅವರು ನನ್ನ ಪಕ್ಷ ವಹಿಸಿದರು, ಅದೇ ತಮಾಷೆ. ‘ಕೇಳಿ ಮಾಡಿದರೆ ಅದು ಆರ್ಡರು. ಕೇಳದೆ ಮಾಡಿದ್ದೇ ಪ್ರೀತಿ. ನಿನ್ನ ತಾಯಿ ನಿನ್ನನ್ನು ಕೇಳಿ ಅಡಿಗೆ ಮಾಡುತ್ತಿದ್ದಳಾ?’ ಮಾತು ಸುಳ್ಳಲ್ಲ. ಪ್ರತಿಯೊಂದಕ್ಕೂ ಒಪ್ಪಿಗೆ ಪಡೆದು, ಸಹಿ ಹಾಕಿಸಿಕೊಂಡು ಕೊಡುವುದಾದರೆ ಮನೆಗೂ ಕಚೇರಿಗೂ ಏನು ವ್ಯತ್ಯಾಸ? ಆದರೆ ಬೆಹೆನ್‌ಜಿ ತಾವು ಹೆಣೆಯುವಾಗ ಏನು ಮಾಡುತ್ತಿದ್ದರೆಂದು ನಾನು ನೋಡಿದ್ದೆ. ಅವರಿಗೆ ಗ್ರಾಫೂ ಇಲ್ಲ, ಶೇಕಡವಾರೂ ಇಲ್ಲ. ಯಾರಿಗೆ ಹೆಣೆಯುತ್ತಾರೋ ಅವರ ಬೆನ್ನ ಮೇಲೆ ಗೇಣಿಟ್ಟು ಅಳೆಯುತ್ತಿದ್ದರು. ಹೆಣೆದಷ್ಟನ್ನು ನಾಲ್ಕು ದಿನಕ್ಕೊಮ್ಮೆ ಅವರ ಮೈಗೆ ಹಿಡಿದು ನೋಡುತ್ತಿದ್ದರು. ‘ತಿರುಗು, ಕೈ ಎತ್ತು’ ಎಂದು ಗದರುತ್ತಿದ್ದರು. ಅವರು ಬಾಯಿಂದ ಕೇಳುತ್ತಿರಲಿಲ್ಲ ಅಷ್ಟೆ, ಕೈಯಿಂದ ಕೇಳುತ್ತಿದ್ದರು. ನನ್ನ ತಾಯಿಯೂ ಕೇಳಿ ಅಡಿಗೆ ಮಾಡುತ್ತಿರಲಿಲ್ಲ ನಿಜ. ತಟ್ಟೆಯಲ್ಲಿ ಬಿಟ್ಟದ್ದೇನೆಂದು ಮಾತ್ರ ಎರಡು ಹೊತ್ತೂ ನೋಡುತ್ತಿದ್ದಳು. ಮಾವನ ಮೇಲಿನ ಮರ್ಯಾದೆ ನನ್ನ ಕೈಯನ್ನು ತಡೆದಿತ್ತು ಎಂದು ಹೇಳಿಕೊಳ್ಳಬಹುದು. ಅದು ಅರ್ಧ ಸತ್ಯ. ಉಳಿದರ್ಧ, ಕೇಳಿದರೆ ಚಿತ್ತಾರ ಬೇಡವೆಂದಾರು ಎಂಬ ಭಯ. ನನಗೆ ಬೇಕಾಗಿದ್ದದ್ದು ಅವರ ಮೈ ಬೆಚ್ಚಗಿರುವುದಷ್ಟೇ ಆಗಿರಲಿಲ್ಲ. ನನ್ನ ನಮೂನೆಗೆ ಒಂದು ಮೈ ಬೇಕಾಗಿತ್ತು.

ಮೂರು ದಾರಿಗಳಿದ್ದವು. ತಿಳಿಯದವಳಂತೆ ಇದ್ದುಬಿಡುವುದು, ಅವರು ಹಲ್ಲು ಕಚ್ಚಿ ತೊಡುತ್ತಾರೆ. ಪೂರ್ತಿ ಬಿಚ್ಚಿ ಮತ್ತೆ ಹೆಣೆಯುವುದು. ಹೆಣಿಗೆಯ ದೊಡ್ಡ ಗುಣವೇ ಅದು, ಕಡೆಯ ಕುಣಿಕೆ ಬಿಚ್ಚಿ ಎಳೆದರೆ ಬಟ್ಟೆ ಮತ್ತೆ ದಾರವಾಗುತ್ತದೆ, ಗುಂಗುರಾಗಿರುತ್ತದೆ ಅಷ್ಟೆ, ತೊಳೆದು ತೂಗುಹಾಕಿದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಆದರೆ ಮುಗಿಯುವ ಹೊತ್ತಿಗೆ ಚಳಿ ಕಳೆದಿರುತ್ತದೆ. ಮೂರನೆಯದು ಕತ್ತರಿಸುವುದು. ಶೆಟ್‌ಲ್ಯಾಂಡ್ ಮತ್ತು ನಾರ್ವೆಯ ಕಡೆ ಹೆಣೆದ ಸ್ವೆಟರನ್ನು ನಡುವೆ ಕತ್ತರಿಸಿ ಮುಂದೆ ತೆರೆಯುವಂತೆ ಮಾಡುವ ಪದ್ಧತಿಯಿದೆ, ‘ಸ್ಟೀಕ್’ ಎನ್ನುತ್ತಾರೆ. ಅವರು ಅದಕ್ಕೆಂದೇ ಮೊದಲೇ ಹೆಚ್ಚಿನ ಕುಣಿಕೆ ಬಿಟ್ಟಿರುತ್ತಾರೆ. ನಾನು ಬಿಟ್ಟಿರಲಿಲ್ಲ. 110ರ ನಡುವೆ, 55 ಇತ್ತ 55 ಅತ್ತ, ಸರಿಯಾಗಿ ಚಿತ್ತಾರದ ಎದೆಯ ಮೇಲೆ ಕತ್ತರಿ ಹಾಯಬೇಕು.

ಈ ಸಲ ಕೇಳಿದೆ.

‘ಮಾವ, ಭುಜ ನೋಯತ್ತಾ?’

‘ಹಾಗೇನಿಲ್ಲ. ವಯಸ್ಸಾಯ್ತಲ್ಲ.’

‘ಎಷ್ಟು ದಿನದಿಂದ?’

‘ಎರಡು ವರ್ಷ ಆಗಿರ್ಬೋದು.’

‘ಒಂದು ಮಾತು ಹೇಳಬಾರದಿತ್ತಾ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ರಾತ್ರಿ ಕೂತು ಲೆಕ್ಕ ಹಾಕ್ತಿದ್ದೆಯಲ್ಲ, ನನಗೆ ಅಂತ ಗೊತ್ತಾಗಿತ್ತು. ಖುಷಿಯಾಗಿದ್ದೆ. ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ.’

ಇದು ನನಗೆ ಹೊಳೆದೇ ಇರಲಿಲ್ಲ. ಕೊಡುತ್ತಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ನನ್ನನ್ನು ಕೇಳದೆ, ನನಗೆ ಒಳ್ಳೆಯದಾಗಲೆಂದು, ಅವರೂ ಒಂದು ಯೋಜನೆ ಹಾಕಿದ್ದರು. ದಿನಕ್ಕೊಂದು ಸಲ ನೋವು ತಿಂದು ಅದನ್ನು ನಡೆಸುತ್ತಿದ್ದರು. ಅವರ ಅಳತೆಯೂ ತಪ್ಪಿತ್ತು. ಆ ಸಂತೋಷ ಅಷ್ಟು ಬೆಲೆಯದಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಒಬ್ಬರಿಗೊಬ್ಬರು ಒಳ್ಳೆಯವರಾಗಿರುವ ಭರದಲ್ಲಿ ಹೀಗೆ ಎಷ್ಟು ಸ್ವೆಟರುಗಳು ತೊಡಲ್ಪಡುತ್ತವೋ ಯಾರು ಬಲ್ಲರು.

ಬೇಕಾದದ್ದೇನೆಂದು ಕೇಳಿದಾಗ ಮೇಷ್ಟರು ಪಟ್ಟಿಯನ್ನೇ ಕೊಟ್ಟರು: ಮುಂದೆ ತೆರೆಯಬೇಕು, ಗುಂಡಿ ದೊಡ್ಡದಿರಬೇಕು, ಎರಡು ಜೇಬು, ಒಂದು ಕನ್ನಡಕಕ್ಕೆ, ಒಂದು ಅಡಿಕೆಯ ಡಬ್ಬಿಗೆ. ‘ಚಿತ್ರ ಹೋಗತ್ತಲ್ಲ ಮಾವ’ ಎಂದೆ. ‘ಗೋಡೆಗೆ ಬಾಗಿಲು ಇಡ್ತಾರಲ್ಲ, ಹಾಗೆ’ ಎಂದರು.

ನಡುವಿನ ಎರಡೂ ಪಕ್ಕಕ್ಕೆ ಹೊಲಿಗೆ ಯಂತ್ರದಲ್ಲಿ ಎರಡೆರಡು ಸಾಲು ಒತ್ತಾಗಿ ಹೊಲಿದೆ. ಮಾವನವರು ಮೇಜಿನ ಆಚೆ ಕೂತು ಸ್ವೆಟರಿನ ಕೆಳತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಕತ್ತರಿಯ ಮೊದಲ ಮೂರು ಇಂಚು ಹೋಗುವವರೆಗೆ ನಾನು ಉಸಿರು ಬಿಟ್ಟಿರಲಾರೆ. ಆಮೇಲೆ ಅದು ಬಟ್ಟೆ ಕತ್ತರಿಸಿದ ಹಾಗೆಯೇ ಹೋಯಿತು. ಒಂದೇ ಒಂದು ಕುಣಿಕೆ ಓಡಲಿಲ್ಲ. ಅಂಚಿನಿಂದ ನಾಲ್ಕು ಸಾಲಿಗೆ ಮೂರರಂತೆ ಕುಣಿಕೆ ಎತ್ತಿ ಪಟ್ಟಿ ಹೆಣೆದೆ, ಗಂಡಸರದಾದ್ದರಿಂದ ಕಾಜು ಎಡಕ್ಕೆ. ಉಳಿದ ದಾರದಲ್ಲಿ ಎರಡು ಜೇಬಾಯಿತು. ಗುಂಡಿ ಹಾಕಿದಾಗ ಚಿತ್ತಾರದ ಎರಡು ಪಾಲು ಪಟ್ಟಿಯ ಆಚೆ ಈಚೆ ನಿಲ್ಲುತ್ತವೆ. ಬಲಗಡೆಯದು ಒಂದು ಸಾಲಿನಷ್ಟು ಮೇಲಿದೆ. ಅದನ್ನು ಸರಿಮಾಡಲು ಹೋಗಲಿಲ್ಲ.

2020ರ ಮಾರ್ಚಿ ಮೊದಲ ವಾರ ಮಾವನವರು ಊರಿಗೆ ಹೋದರು; ಮತ್ತೆ ಎರಡು ವಾರ ತಡೆದಿದ್ದರೆ ಲಾಕ್‌ಡೌನಿನಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಸ್ವೆಟರು ಜೊತೆಗೇ ಹೋಯಿತು. ಸಾಗರದಲ್ಲಿ ಅಷ್ಟು ಚಳಿಯೆಲ್ಲಿ? ಆದರೂ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಹಾಕಿಕೊಳ್ಳುತ್ತಾರೆಂದು ಮೈದುನ ಫೋನಿನಲ್ಲಿ ಹೇಳುತ್ತಿರುತ್ತಾನೆ. ಮೊಣಕೈ ಸವೆದಿದೆಯಂತೆ. ಅಡಿಕೆಯ ಜೇಬಿಗೆ ಕತ್ತಿಯನ್ನೂ ಹಾಕುತ್ತಾರೆ, ಅದು ಹರಿದಿದೆಯಂತೆ.

ಹೋದ ತಿಂಗಳು ಮಾವನವರಿಂದ ಒಂದು ಕಾಗದ ಬಂತು. ಮೇಷ್ಟರ ಅಕ್ಷರ, ಒಂದರ ಕೆಳಗೊಂದು ಅಂಕಿ ಹಾಕಿ ಬರೆದಿದ್ದಾರೆ. ಜೇಬು ಇನ್ನೂ ಎರಡು ಇಂಚು ಆಳ. ತೋಳು ಒಂದು ಇಂಚು ಗಿಡ್ಡ. ಚಿತ್ರ ಬೇಕಾದರೆ ಬೆನ್ನಿಗೆ ಹಾಕು, ಅಲ್ಲಿ ಬಾಗಿಲು ಬೇಡ. ಎದೆ 34, ಮುಂದಿನ ವರ್ಷ ಇನ್ನೂ ಕಡಿಮೆಯಾಗಬಹುದು, ನೋಡಿಕೊಂಡು ಹಾಕು.

ಮಾದರಿ ತುಂಡು ತೊಳೆದು ಬಾಲ್ಕನಿಯಲ್ಲಿ ಒಣಹಾಕಿದ್ದೇನೆ. 34ಕ್ಕೆ ಸಡಿಲು ಎಷ್ಟು ಬಿಡಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಭಾನುವಾರ ಫೋನು ಮಾಡಿ ಅವರನ್ನೇ ಕೇಳಬೇಕು.